ಕಾಂಪ್ಯಾಕ್ಟೋ ಡಿಎಸ್‌ಎಲ್‌ಆರೋ ಅನ್ನುವ ಮೊದಲು ಲೆನ್ಸ್ ಲೆಕ್ಕ ಹಾಕಿ

ಮನೆಯಲ್ಲಿ ಓಡಾಡುವ ಮಗು, ಆಗಾಗ ಪ್ರವಾಸ, ಸಂಜೆ ಹೊತ್ತು ಫೋನಿನ ಫೋಟೋ ಚೆನ್ನಾಗಿ ಬರ್ತಿಲ್ಲ. ಜೇಬಿಗೆ ಹಿಡಿಸುವ ಕಾಂಪ್ಯಾಕ್ಟ್ ಕ್ಯಾಮೆರಾ ತಗೊಳ್ಳಲೋ, ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಕೊಡುವ ಸಾಧಾರಣ ಜೂಮ್ ಲೆನ್ಸ್) ಜೊತೆ ಬರುವ ಆರಂಭಿಕ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ತಗೊಳ್ಳಲೋ ಎಂದು ಕೇಳಿದ್ದೀರಿ. "ಮುಂದೆ ಫೋಟೋಗ್ರಫಿ ಕಲಿಯುವ ಆಸೆ ಇದೆ, ಅದಕ್ಕೇ ಡಿಎಸ್‌ಎಲ್‌ಆರ್ ಕಡೆ ಮನಸ್ಸು" ಎಂದೂ ಬರೆದಿದ್ದೀರಿ. ಇದೇ ಮಾತನ್ನು ಮನೆಯವರಿಗೆ ಹೇಳಿ ಒಪ್ಪಿಸಿಯೇ ನಾನೂ ಅಂಗಡಿಗೆ ಹೋಗಿದ್ದು.

ಆಗ ನನ್ನ ಹತ್ತಿರ ಒಂದು ಸಾಧಾರಣ ಕಾಂಪ್ಯಾಕ್ಟ್ ಇತ್ತು. ಬಿಸಿಲಿನಲ್ಲಿ ಅದರ ತಂಟೆ ಏನೂ ಇರಲಿಲ್ಲ. ತಂಟೆ ಶುರುವಾಗಿದ್ದು ಅಕ್ಕನ ಮಗಳು ಶಾಲೆಯ ನಾಟಕಗಳಲ್ಲಿ ಪಾತ್ರ ಮಾಡಲು ಶುರು ಮಾಡಿದಾಗ. ಒಳಾಂಗಣ, ವೇದಿಕೆಯ ಮೇಲೆ ಹಳದಿ ಬೆಳಕು, ಒಂದು ನಿಮಿಷ ನಿಂತಲ್ಲಿ ನಿಲ್ಲದ ಮಕ್ಕಳು. ತೆಗೆದ ಫೋಟೋದಲ್ಲೆಲ್ಲ ಮುಖ ಕಲಸಿಹೋಗಿರುತ್ತಿತ್ತು. ಸಣ್ಣ ಕ್ಯಾಮೆರಾ, ಇನ್ನೇನು ಬರುತ್ತೆ ಅಂದುಕೊಂಡೆ. 18-55 ಎಂಎಂ ಕಿಟ್ ಲೆನ್ಸ್ ಇರುವ ಡಿಎಸ್‌ಎಲ್‌ಆರ್ ಬಂತು. ಕುತ್ತಿಗೆಗೆ ಪಟ್ಟಿ, ಹೆಗಲಿಗೆ ಬ್ಯಾಗು, ಮುಖದ ಮೇಲೆ ಸ್ವಲ್ಪ ಗತ್ತು. ಮುಂದಿನ ನಾಟಕಕ್ಕೆ ಮೂರನೇ ಸಾಲಿನಲ್ಲಿ ಕೂತು, ಜೂಮನ್ನು ಕೊನೆಯವರೆಗೆ ಎಳೆದು ಒಂದೇ ಸಮನೆ ಕ್ಲಿಕ್ಕಿಸಿದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಮುಖಗಳು ಹಾಗೇ ಕಲಸಿದ್ದವು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

"ಇದು ಆರಂಭಿಕ ಮಾಡೆಲ್, ಅದಕ್ಕೇ ಹೀಗೆ" ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಬಾಡಿಯನ್ನು, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾವನ್ನು, ಸಿಕ್ಕಿದ ಬೆಲೆಗೆ ಮಾರಿ, ಮೇಲಿಷ್ಟು ದುಡ್ಡು ಸೇರಿಸಿ, ಅದೇ ಕಂಪನಿಯ ಮೇಲಿನ ದರ್ಜೆಯ ಬಾಡಿ ತಂದೆ. ಹೊಸ ಲೆನ್ಸಿಗೆ ದುಡ್ಡು ಉಳಿಯಲಿಲ್ಲ. ಪರವಾಗಿಲ್ಲ, ಹಳೆಯದು ಇದೆಯಲ್ಲ ಎಂದು ಅದೇ 18-55 ಅನ್ನು ಹೊಸ ಬಾಡಿಗೆ ತಿರುಗಿಸಿ ಕೂರಿಸಿದೆ. ಮತ್ತೊಂದು ನಾಟಕ, ಮತ್ತೆ ಮೂರನೇ ಸಾಲು. ಈ ಸಲ ಮೊದಲಿಗಿಂತ ಜಾಸ್ತಿ ಮೆಗಾಪಿಕ್ಸೆಲ್‌ನಲ್ಲಿ ಅದೇ ಬ್ಲರ್.

ಆಫೀಸಿನ ಗೆಳೆಯನೊಬ್ಬನಿಗೆ ಫೋಟೋ ತೋರಿಸಿ, ಕೈ ನಡುಗುತ್ತೋ ಏನೋ, ಟ್ರೈಪಾಡ್ ತಗೊಳ್ಳಬೇಕು ಅಂದೆ. ಅವನು ಫೋಟೋ ದೊಡ್ಡದು ಮಾಡಿ ಹಿಂದಿನ ಪರದೆ ತೋರಿಸಿದ. "ಇಲ್ಲಿ ನೋಡೋ, ಬಟ್ಟೆಯ ಎಳೆ ಎಳೆ ಕಾಣ್ತಿದೆ. ಕೈ ನಡುಗಿದ್ರೆ ಪರದೆನೂ ಕಲಸಿರಬೇಕಿತ್ತು ಅಲ್ವಾ?" ಆಮೇಲೆ ಫೋಟೋದ ವಿವರ ತೆಗೆದ. 55 ಎಂಎಂ, ಎಫ್/5.6, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಶಟರ್ 1/30 ಸೆಕೆಂಡ್. ಹಳೆಯ ಬಾಡಿಯ ಫೋಟೋ ತೆಗೆದರೂ ಅವೇ ಅಂಕಿಗಳು. ಇಷ್ಟು ದಿನ ಇವು ಪ್ರತಿ ಫೈಲಿನ ಒಳಗೇ ಇದ್ದವು. ನಾನು ತೆರೆದು ನೋಡಿರಲಿಲ್ಲ, ಅಷ್ಟೇ.

ಏನಾಗುತ್ತಿತ್ತು ಅಂದರೆ, ಕಿಟ್ ಲೆನ್ಸಿನ ಮೇಲೆ 3.5-5.6 ಎಂದು ಬರೆದಿರುತ್ತೆ. 18 ಎಂಎಂ ತುದಿಯಲ್ಲಿ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/3.5ರವರೆಗೆ ತೆರೆಯುತ್ತೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಜೂಮ್ ಮಾಡುತ್ತಾ 55ಕ್ಕೆ ಹೋದರೆ ಎಫ್/5.6ಕ್ಕಿಂತ ಜಾಸ್ತಿ ತೆರೆಯೋದಿಲ್ಲ. ಅಂದರೆ ದೂರದವರನ್ನು ಹತ್ತಿರ ತಂದುಕೊಂಡಷ್ಟೂ ಬೆಳಕು ಕಡಿಮೆ. ಬೆಳಕು ಸಾಲದೆ ಕ್ಯಾಮೆರಾ ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತೆ. 1/30 ಸೆಕೆಂಡಿನಲ್ಲಿ ನಿಂತ ಪರದೆ ಸ್ಪಷ್ಟವಾಗಿ ಬರುತ್ತೆ, ಕೈ ಬೀಸುವ ಮಗು ಬರೋದಿಲ್ಲ. ಮಕ್ಕಳ ಚಲನೆ ನಿಲ್ಲಿಸೋಕೆ ಹೆಚ್ಚು ಕಡಿಮೆ 1/250 ಬೇಕು. ಲೆನ್ಸಿನ ಪಕ್ಕದ ಸ್ಟೆಬಿಲೈಸೇಶನ್ ಗುಂಡಿ ಆನ್ ಮಾಡಿಟ್ಟು ನಿಶ್ಚಿಂತೆಯಿಂದ ಇದ್ದೆ ನಾನು. ಅದು ನಮ್ಮ ಕೈಯ ನಡುಕವನ್ನು ಸರಿದೂಗಿಸುತ್ತೆ, ಎದುರಿಗಿರುವವರು ಅಲುಗಿದರೆ ಅದೇನೂ ಮಾಡಲಾರದು. ಹೊಸ ಬಾಡಿಯಲ್ಲಿ ಐಎಸ್‌ಒ ಒಂದು ಹೆಜ್ಜೆ ಏರಿಸಿದ್ದರೂ 1/30 ಹೋಗಿ 1/60 ಆಗುತ್ತಿತ್ತು, ಅಷ್ಟಕ್ಕೆ ಸಾಲದು. ಕಿಟಕಿ ಚಿಕ್ಕದಿರುವಾಗ ಗೋಡೆಗೆ ಎಷ್ಟು ಸುಣ್ಣ ಬಳಿದರೂ ಕೋಣೆ ಬೆಳಗೋದಿಲ್ಲ. ನಾನು ದುಡ್ಡು ಸುರಿದಿದ್ದು ಗೋಡೆಗೆ.

ಗೆಳೆಯ ತನ್ನ 50 ಎಂಎಂ ಎಫ್/1.8 ಲೆನ್ಸ್ ಕೊಟ್ಟು ಕಳಿಸಿದ. ಜೂಮ್ ಇಲ್ಲ, ಅಂಗೈಯಲ್ಲಿ ಮುಚ್ಚಿಡುವಷ್ಟು ಚಿಕ್ಕದು. ಎಫ್/5.6ಕ್ಕಿಂತ ಎಫ್/1.8 ಸುಮಾರು ಒಂಬತ್ತು ಪಟ್ಟಿಗೂ ಮಿಗಿಲಾಗಿ ಬೆಳಕು ಬಿಡುತ್ತೆ. ಅದೇ ವೇದಿಕೆ, ಅದೇ ಐಎಸ್‌ಒ, ಶಟರ್ ಮಾತ್ರ 1/250ನ್ನೂ ದಾಟಿತು. ಮೊದಲನೇ ಬಾಡಿಯನ್ನೇ ಇಟ್ಟುಕೊಂಡು ಈ ಲೆನ್ಸ್ ಹಾಕಿದ್ದರೂ ಇದೇ ಫೋಟೋ ಬರುತ್ತಿತ್ತು. ಎರಡನೇ ಬಾಡಿಗೆ ಕೊಟ್ಟಿದ್ದು ಪೂರ್ತಿ ದಂಡ. ಈ ಲೆನ್ಸು ಕ್ಯಾನನ್, ನಿಕಾನ್ ಎರಡೂ ಕಂಪನಿಗಳ ಪಟ್ಟಿಯಲ್ಲಿ ಅತಿ ಅಗ್ಗದವುಗಳ ಸಾಲಿನಲ್ಲಿ ಇರುತ್ತೆ ಅನ್ನೋದು ಇನ್ನೂ ಹೊಟ್ಟೆ ಉರಿಸುವ ವಿಷಯ.

ಈಗ ನಿಮ್ಮ ವಿಷಯ. ಕಾಂಪ್ಯಾಕ್ಟೋ ಡಿಎಸ್‌ಎಲ್‌ಆರೋ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಎರಡನೇ ಲೆನ್ಸ್ ಕೊಳ್ತೀರಾ ಇಲ್ವಾ, ಕೇಳಿಕೊಳ್ಳಬೇಕಾದ್ದು ಇದು. ಕಿಟ್ ಲೆನ್ಸನ್ನು ಕೊನೆತನಕ ಬಿಚ್ಚದೇ ಇಡುವವರ ಡಿಎಸ್‌ಎಲ್‌ಆರ್, ಜೇಬಿಗೆ ಹಿಡಿಸದ ಒಂದು ಕಾಂಪ್ಯಾಕ್ಟ್ ಅಷ್ಟೇ.

ಇದು ಸುಮ್ನೆ ಕುಹಕ ಅಲ್ಲ, ಲೆಕ್ಕ ಇದೆ. ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಅದರ ಅಳತೆ ನೋಡಿ. ಅಗ್ಗದ ಕಾಂಪ್ಯಾಕ್ಟ್‌ಗಳಲ್ಲಿ ಇರುವುದು 1/2.3 ಇಂಚಿನದು, ಅದರ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್. ಒಂದು ಇಂಚಿನ ಸೆನ್ಸರ್ ಎಂದು ಕರೆಯುವುದು 13.2 x 8.8 ಮಿಲಿಮೀಟರ್, ಅಂದರೆ ಸುಮಾರು 116. ನಿಕಾನ್‌ನ ಆರಂಭಿಕ ಡಿಎಸ್‌ಎಲ್‌ಆರ್‌ಗಳದ್ದು 23.5 x 15.6, ಸುಮಾರು 367. ಇಷ್ಟನ್ನೇ ನೋಡಿದರೆ ಡಿಎಸ್‌ಎಲ್‌ಆರ್ ಮೂರು ಪಟ್ಟು ಮುಂದೆ. ಆದರೆ ಆ ಸೆನ್ಸರ್ ಮುಂದೆ ಇರುವ ಲೆನ್ಸನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ. ಬೇರೆ ಬೇರೆ ಅಳತೆಯ ಸೆನ್ಸರ್‌ಗಳನ್ನು ಹೋಲಿಸುವಾಗ ಎಫ್ ಸಂಖ್ಯೆಯನ್ನು ಕ್ರಾಪ್ ಫ್ಯಾಕ್ಟರ್‌ನಿಂದ (35 ಎಂಎಂ ಫಿಲ್ಮ್ ಚೌಕಟ್ಟಿಗಿಂತ ಸೆನ್ಸರಿನ ಕರ್ಣ ಎಷ್ಟು ಪಟ್ಟು ಚಿಕ್ಕದು ಎನ್ನುವ ಸಂಖ್ಯೆ) ಗುಣಿಸುತ್ತಾರೆ. ನಿಕಾನ್ ಡಿಎಸ್‌ಎಲ್‌ಆರ್‌ಗೆ 1.5, ಒಂದು ಇಂಚಿನದಕ್ಕೆ 2.7. ಕಿಟ್ ಲೆನ್ಸಿನ 3.5-5.6 ಗುಣಿಸಿದರೆ ಸುಮಾರು 5.3-8.4 ಬರುತ್ತೆ. ಒಂದು ಇಂಚಿನ ಸೆನ್ಸರ್ ಇರುವ ಕಾಂಪ್ಯಾಕ್ಟ್ ಸೋನಿ ಆರ್‌ಎಕ್ಸ್100, 2014ರಲ್ಲಿ ಬಂದ ಅದರ ಮೂರನೇ ಮಾಡೆಲ್‌ನ ಲೆನ್ಸ್ ಎಫ್/1.8-2.8. ಗುಣಿಸಿದರೆ 4.9-7.6. ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೇದು. ಅಂದರೆ ಆ ಪುಟಾಣಿ ಪೆಟ್ಟಿಗೆ ಕಿಟ್ ಲೆನ್ಸ್ ಹಾಕಿದ ಡಿಎಸ್‌ಎಲ್‌ಆರ್‌ಗೆ ಸರಿಸಮ, ಒಂದು ಕೂದಲೆಳೆ ಮುಂದೆಯೇ. ತೂಕ ಅದರದ್ದು ಸುಮಾರು 290 ಗ್ರಾಂ. ನಿಕಾನ್ ಡಿ3500ಕ್ಕೆ ಅದರ 18-55 ಸೇರಿಸಿದರೆ 620 ಗ್ರಾಂ ಹತ್ತಿರ ಹೋಗುತ್ತೆ, ಅದೂ ಡಿಎಸ್‌ಎಲ್‌ಆರ್‌ಗಳಲ್ಲಿ ಹಗುರವಾದದ್ದು.

ಎಲ್ಲ ಕಾಂಪ್ಯಾಕ್ಟೂ ಹೀಗೆ ಅಂದುಕೊಳ್ಳಬೇಡಿ. 2012ರ ಮೊದಲನೇ ಆರ್‌ಎಕ್ಸ್100 ಕೂಡ ಎಫ್/1.8ರಲ್ಲೇ ಶುರುವಾಗುತ್ತೆ, ಆದರೆ ಜೂಮ್ ತುದಿಯಲ್ಲಿ 4.9ಕ್ಕೆ ಇಳಿಯುತ್ತೆ. ಆ ತುದಿಯಲ್ಲಿ ಕಿಟ್ ಲೆನ್ಸೇ ವಾಸಿ. ಇನ್ನು 1/2.3 ಇಂಚಿನ ಸೆನ್ಸರ್‌ಗೆ ಮೂವತ್ತು ಪಟ್ಟು ಜೂಮ್ ಅಂಟಿಸಿ ಮಾರುವ ಕಾಂಪ್ಯಾಕ್ಟ್‌ಗಳ ತಂಟೆಗೆ ಹೋಗಲೇಬೇಡಿ. ನಿಮ್ಮ ದೂರು ಸಂಜೆಯ ಬೆಳಕಿನದ್ದು. ಆ ಕೆಲಸದಲ್ಲಿ ನಿಮ್ಮ ಫೋನೇ ಅದಕ್ಕಿಂತ ಮೇಲು.

"ಕಲಿಯೋಕೆ ಡಿಎಸ್‌ಎಲ್‌ಆರ್ ಬೇಕು" ಅನ್ನೋ ಮಾತನ್ನೂ ಬಿಟ್ಟುಬಿಡಿ. ಅಪರ್ಚರ್, ಶಟರ್, ಐಎಸ್‌ಒ ಮೂರನ್ನೂ ಕೈಯಾರೆ ಬದಲಿಸುವ ಡಯಲ್, ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಫೋಟೋ), ಎರಡೂ ಒಳ್ಳೆ ಕಾಂಪ್ಯಾಕ್ಟ್‌ನಲ್ಲಿ ಇರುತ್ತವೆ. ಒಂದಾದ ಮೇಲೊಂದು ಎರಡೆರಡು ಡಿಎಸ್‌ಎಲ್‌ಆರ್ ಕೊಂಡರೂ ನಾನು ಹಸಿರು ಆಟೋ ಮೋಡಿನಿಂದ ಆಚೆ ಕಾಲಿಟ್ಟಿರಲಿಲ್ಲ. ಕಲಿಸಿದ್ದು ಆ ಪರದೆಯ ಎಳೆ ಮತ್ತು ನಾಲ್ಕು ಅಂಕಿ.

"ಈಗ ಕೊಂಡ ಲೆನ್ಸ್ ಮುಂದೆಯೂ ಬರುತ್ತೆ, ಅದೊಂದು ಹೂಡಿಕೆ" ಎನ್ನುತ್ತಾರಲ್ಲ, ಅದು ಅರ್ಧ ನಿಜ. ಕ್ಯಾನನ್, ನಿಕಾನ್ ಎರಡೂ ಈಗ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಕಡೆ ಹೊರಳಿವೆ. 2018ರ ಡಿ3500 ಆ ಸರಣಿಯ ಕೊನೆಯದು. ಹಳೆಯ ಲೆನ್ಸುಗಳನ್ನು ಅಡಾಪ್ಟರ್ ಇಟ್ಟು ಹೊಸ ಬಾಡಿಗೆ ಹಾಕಬಹುದು, ಆದರೆ ಅಡಾಪ್ಟರ್‌ಗೆ ಬೇರೆ ದುಡ್ಡು. ಇದರಿಂದ ನಿಮಗೊಂದು ಲಾಭವೂ ಇದೆ. ಜನ ಮಿರರ್‌ಲೆಸ್‌ಗೆ ಹೋಗುತ್ತಾ ಒಳ್ಳೊಳ್ಳೆ ಡಿಎಸ್‌ಎಲ್‌ಆರ್ ಮಾರಿಬಿಡುತ್ತಿದ್ದಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಲೆನ್ಸ್ ಬದಲಿಸುವ ಉಸಾಬರಿ ಬೇಡ ಅನ್ನಿಸಿದರೆ ಒಂದು ಇಂಚಿನ ಸೆನ್ಸರ್ ಇರುವ, ಎಫ್/1.8-2.8 ಲೆನ್ಸಿನ ಕಾಂಪ್ಯಾಕ್ಟ್. ಕಣ್ಣು ಮುಚ್ಚಿಕೊಂಡು. ಪ್ರವಾಸದಲ್ಲಿ ಅದು ಜೇಬಿನಲ್ಲಿ ಇರುತ್ತೆ, ಡಿಎಸ್‌ಎಲ್‌ಆರ್ ರೂಮಿನ ಬ್ಯಾಗಿನಲ್ಲಿ ಇರುತ್ತೆ. ಬ್ಯಾಟರಿ ಮಾತ್ರ ಇನ್ನೊಂದು ಕೊಳ್ಳಿ. ಆರ್‌ಎಕ್ಸ್100 ಮೂರನೆಯದಕ್ಕೆ ಒಂದು ಚಾರ್ಜಿಗೆ ಮುನ್ನೂರು ಚಿಲ್ಲರೆ ಫೋಟೋ, ಡಿ3500ಕ್ಕೆ 1,550.

ಆದರೆ ಮನೆಯೊಳಗೆ ಓಡುವ ಮಗುವೇ ಮುಖ್ಯ ಅಂತಿದ್ದರೆ ಡಿಎಸ್‌ಎಲ್‌ಆರ್ ಬಾಡಿ ಮಾತ್ರ ಕೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಕಿಟ್ ಲೆನ್ಸ್ ಇಲ್ಲದೆ. ಉಳಿದ ದುಡ್ಡನ್ನು 35 ಎಂಎಂ ಎಫ್/1.8 ಲೆನ್ಸಿಗೆ ಹಾಕಿ. ಆ ಜೋಡಿ ನಾನು ಹೇಳಿದ ಕಾಂಪ್ಯಾಕ್ಟ್‌ಗಿಂತಲೂ ಮೂರು ಪಟ್ಟು ಬೆಳಕು ಹಿಡಿಯುತ್ತೆ, ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟರೆ ಫೋಕಸ್ಸೂ ಹಳೆಯ ಕಾಂಪ್ಯಾಕ್ಟ್‌ಗಳಿಗಿಂತ ಚುರುಕು. ಮೇಲೆ ನಾನು ಹೊಗಳಿದ 50 ಎಂಎಂ ವೇದಿಕೆಗೆ ಚೆನ್ನ, ಮನೆಯ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗುತ್ತೆ. ಜೂಮ್ ಇಲ್ಲದೆ ಹೇಗೆ ಅಂತ ಕೇಳ್ತೀರಿ, ಎರಡು ಹೆಜ್ಜೆ ಹಿಂದೆ ಮುಂದೆ ನಡೆಯಬೇಕು, ಅಷ್ಟೇ. ಒಂದು ಎಚ್ಚರ: ನಿಕಾನ್‌ನ ಡಿ3000, ಡಿ5000 ಸರಣಿಯ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ನಿಕಾನ್ ಲೆನ್ಸ್ ಆದರೆ ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಇರಲೇಬೇಕು, ಎಎಫ್-ಪಿ ಮಾತ್ರ ಈ ಸರಣಿಗಳ ಹಳೆಯ ಬಾಡಿಗಳಲ್ಲಿ ಫೋಕಸ್ ಆಗೋದಿಲ್ಲ. ಬರೀ ಎಎಫ್ ಎಂದಿರುವ ಹಳೆಯ ಲೆನ್ಸು ಇನ್ನೂ ಅಗ್ಗಕ್ಕೆ ಸಿಗುತ್ತೆ, ಆದರೆ ಓಡುವ ಮಗುವಿನ ಹಿಂದೆ ನೀವು ಕೈಯಲ್ಲೇ ಫೋಕಸ್ ತಿರುಗಿಸುತ್ತಾ ಕೂರಬೇಕಾಗುತ್ತೆ.

ಹೊಸದು ಕೊಳ್ಳುವ ಮೊದಲು ಫೋನಿನಲ್ಲಿ ಕೆಟ್ಟಿರುವ ನಿಮ್ಮ ಫೋಟೋಗಳನ್ನೇ ತೆರೆದು ನೋಡಿ. ಹಿಂದಿನ ಗೋಡೆ ಸ್ಪಷ್ಟ, ಮಗು ಮಾತ್ರ ಕಲಸಿದ್ದರೆ ನನ್ನ ಕಾಯಿಲೆಯೇ ನಿಮಗೂ, 35 ಎಂಎಂ ದಾರಿ ಹಿಡಿಯಿರಿ. ಎಲ್ಲವೂ ಒಟ್ಟಿಗೆ ಕಲಸಿದ್ದರೆ ಕೈ ಅಲುಗಿದೆ, ಇಲ್ಲವೇ ಫೋಕಸ್ ತಪ್ಪಿದೆ. ಅದಕ್ಕೆ ಯಾವ ಕ್ಯಾಮೆರಾನೂ ಕೊಳ್ಳಬೇಕಾಗಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಡಿಎಸ್‌ಎಲ್‌ಆರ್‌ಗೆ ಶಟರ್ ಕೌಂಟ್ (ಇದುವರೆಗೆ ಶಟರ್ ಎಷ್ಟು ಸಲ ಬಿದ್ದಿದೆ ಎನ್ನುವ ಲೆಕ್ಕ) ಕೇಳಿ, ಲೆನ್ಸನ್ನು ಟಾರ್ಚಿಗೆ ಅಡ್ಡ ಹಿಡಿದು ಒಳಗೆ ಫಂಗಸ್‌ನ ಬಲೆ ಇದೆಯಾ ನೋಡಿ. ಕಾಂಪ್ಯಾಕ್ಟ್ ಆದರೆ ಅಪರ್ಚರನ್ನು ಅತಿ ಚಿಕ್ಕದಕ್ಕೆ (ಅಂದರೆ ಅತಿ ದೊಡ್ಡ ಎಫ್ ಸಂಖ್ಯೆಗೆ) ಇಳಿಸಿ ಒಂದು ಬಿಳಿ ಗೋಡೆಯ ಫೋಟೋ ತೆಗೆಯಿರಿ. ಮಸುಕು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ದೂಳು ಕೂತಿದೆ ಎಂದು ಅರ್ಥ. ಡಿಎಸ್‌ಎಲ್‌ಆರ್‌ನಲ್ಲಾದರೆ ಲೆನ್ಸ್ ತೆಗೆದು ಊದಬಹುದು. ಕಾಂಪ್ಯಾಕ್ಟ್‌ನಲ್ಲಿ ಕ್ಯಾಮೆರಾವನ್ನೇ ಬಿಚ್ಚಬೇಕು, ಆ ಖರ್ಚಿಗೆ ಅರ್ಥವಿಲ್ಲ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಅಲ್ಲೇ ಬಿಟ್ಟು ಬನ್ನಿ.