ಮನೆ ನೋಡುವಾಗ ಕಾರು ಓಡಿಸದವರನ್ನು ನೆನೆಸಿಕೋ

ತಂಗೀ,

ನಿನ್ನ ಪತ್ರ ಓದಿದೆ. ಯಜಮಾನರಿಗೆ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸ, ಜೂನ್‌ನಲ್ಲಿ ಹೊರಡುತ್ತೀರಿ, ಮಗಳು ಮೂರನೇ ಕ್ಲಾಸು, ಮಗನಿಗೆ ನಾಲ್ಕು ವರ್ಷ, ದೀಪಾವಳಿ ಹೊತ್ತಿಗೆ ಅತ್ತೆ-ಮಾವ ಬಂದು ಕೆಲವು ತಿಂಗಳು ಇರುತ್ತಾರೆ. ಊರಿನ ಪಶ್ಚಿಮಕ್ಕಿರುವ ಪಾಯಿಂಟ್ ಕುಕ್‌ನಲ್ಲಿ ಮನೆ ಮಾಡಲೋ, ಟಾರ್ನೀಟ್‌ನಲ್ಲೋ, ಸಾಲ ಮಾಡಿಯಾದರೂ ಪೂರ್ವದ ಗ್ಲೆನ್ ವೇವರ್ಲಿಗೆ ಹೋಗಲೋ ಎಂದು ಕೇಳಿದ್ದೀಯ. ಅಕ್ಕಾ ಎಂದು ಕರೆದಿದ್ದೀಯಲ್ಲ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ.

ಮೊದಲು ಶಾಲೆಯ ವಿಚಾರ, ಏಕೆಂದರೆ ನಿನ್ನ ಪತ್ರದ ಅರ್ಧ ಅದೇ ಇದೆ. ಇಲ್ಲಿ ಸರ್ಕಾರಿ ಶಾಲೆ ಅಂದರೆ ಮೂಗು ಮುರಿಯಬೇಡ. ಕಾನ್ವೆಂಟ್ ಸೀಟಿಗಾಗಿ ಊರಲ್ಲಿ ಅಪ್ಪ-ಅಮ್ಮಂದಿರು ಪಡುವ ಪಾಡು ನೋಡಿ ಬೆಳೆದ ನಮಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಡಾಕ್ಟರ ಮಕ್ಕಳೂ ಬಸ್ ಡ್ರೈವರ್ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ನೀನಿರುವ ವಿಳಾಸ ಯಾವ ಶಾಲೆಯ ಝೋನ್‌ಗೆ ಬೀಳುತ್ತದೋ ಆ ಶಾಲೆ ನಿನ್ನ ಮಗುವಿಗೆ ಸೀಟು ಕೊಡಲೇಬೇಕು. ವಿಕ್ಟೋರಿಯಾ ಸರ್ಕಾರದ 'ಫೈಂಡ್ ಮೈ ಸ್ಕೂಲ್' ಜಾಲತಾಣದಲ್ಲಿ ವಿಳಾಸ ಹಾಕಿದರೆ ಝೋನ್ ಕಾಣುತ್ತದೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಆ ಮನೆಯ ನಂಬರ್ ಸಮೇತ ಹಾಕಿ ನೋಡು. ರಸ್ತೆಯ ಈ ಬದಿ ಒಂದು ಶಾಲೆ, ಆ ಬದಿ ಇನ್ನೊಂದು ಶಾಲೆ ಇರುವ ಕಡೆಗಳಿವೆ. ಬ್ರೋಕರ್ ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಬೇಡ.

ಗ್ಲೆನ್ ವೇವರ್ಲಿಯ ಬಾಡಿಗೆ ಏರಿ ಕೂತಿರುವುದಕ್ಕೆ ದೊಡ್ಡ ಕಾರಣ ಈ ಝೋನೇ. ಅಲ್ಲಿನ ಸೆಕೆಂಡರಿ ಕಾಲೇಜಿಗೆ ಒಳ್ಳೆಯ ಹೆಸರಿದೆ, ಅದು ಸುಳ್ಳಲ್ಲ. ಆದರೆ ನಿನ್ನ ಮಗಳು ಏಳನೇ ಇಯತ್ತೆಗೆ ಬರಲು ಇನ್ನೂ ವರ್ಷಗಳಿವೆ. ಇಲ್ಲಿ ಪ್ರೈಮರಿ ಎಂದರೆ ಪ್ರೆಪ್‌ನಿಂದ (ಒಂದನೇ ತರಗತಿಗೆ ಮುಂಚಿನ ವರ್ಷ) ಆರರವರೆಗೆ, ಸೆಕೆಂಡರಿ ಏಳರಿಂದ ಹನ್ನೆರಡು. ಅಷ್ಟು ದೂರದ ಊಟಕ್ಕೆ ಈಗಲೇ ಎಲೆ ಹಾಕಿ ಕೂತು ತಿಂಗಳು ತಿಂಗಳು ಬಾಡಿಗೆ ಸುರಿಯುವುದೇಕೆ? ಓದಿನಲ್ಲಿ ಚುರುಕಿದ್ದರೆ ಒಂಬತ್ತನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ಸೇರುವ ನಾಲ್ಕು ಸರ್ಕಾರಿ ಶಾಲೆಗಳಿವೆ. ಹುಡುಗರ ಮೆಲ್ಬರ್ನ್ ಹೈ, ಹುಡುಗಿಯರ ಮ್ಯಾಕ್‌ರಾಬರ್ಟ್‌ಸನ್, ಬೆರಿಕ್‌ನ ನೋಸಾಲ್, ವೆರಿಬೀಯ ಸುಝೇನ್ ಕೋರಿ. ಇವಕ್ಕೆ ಝೋನ್ ಕಟ್ಟಳೆ ಇಲ್ಲ. ಸುಝೇನ್ ಕೋರಿ 2011ರಲ್ಲಿ ನಮ್ಮ ಪಶ್ಚಿಮದ ಕಡೆಗೇ ಬಂತು. ಸಮವಸ್ತ್ರ ಹಾಕಿಕೊಂಡು ನಮ್ಮ ಮಕ್ಕಳು ಅಲ್ಲಿಗೆ ಹೋಗುವುದನ್ನು ಕಂಡರೆ ಇವತ್ತಿಗೂ ನನಗೆ ಎದೆ ತುಂಬುತ್ತದೆ.

ಮಗನದು ಸುಲಭ. ನಾಲ್ಕು ವರ್ಷದವರಿಗೆ ವಾರಕ್ಕೆ 15 ಗಂಟೆ ಕಿಂಡರ್, ಅಂದರೆ ಶಿಶುವಿಹಾರ, 2023ರಿಂದ ಅದಕ್ಕೆ ದುಡ್ಡಿಲ್ಲ. ಪ್ರೆಪ್‌ಗೆ ಸೇರಬೇಕಾದರೆ ಆ ವರ್ಷದ ಏಪ್ರಿಲ್ 30ರೊಳಗೆ ಐದು ತುಂಬಿರಬೇಕು. ಶಾಲೆಯ ವರ್ಷ ಶುರುವಾಗುವುದು ಜನವರಿ ಕೊನೆಗೆ, ನಮ್ಮ ಹಾಗೆ ಜೂನ್‌ನಲ್ಲಲ್ಲ. ಮಗಳು ನಡುವರ್ಷ ಬಂದು ಸೇರುತ್ತಾಳೆ. ಅದಕ್ಕೆ ಹೆದರಬೇಡ, ದಿನವೂ ಯಾರಾದರೂ ಹೊಸಬರು ಬಂದು ಸೇರುವ ಊರಿದು.

ಅಂಗಡಿಯ ಚಿಂತೆ ಬಿಡು. ಜೋಳದ ಹಿಟ್ಟಿನಿಂದ ಹಿಡಿದು ಗುರೆಳ್ಳಿನವರೆಗೆ ಎಲ್ಲ ಸಿಗುತ್ತದೆ. ಬಾಡಿಗೆಯನ್ನು ಇಲ್ಲಿ ವಾರದ ಲೆಕ್ಕದಲ್ಲಿ ಹೇಳುತ್ತಾರೆ, ಕಟ್ಟುವುದು ತಿಂಗಳಿಗೆ. ನಾಲ್ಕರಿಂದ ಗುಣಿಸಿ ಸಮಾಧಾನಪಟ್ಟುಕೊಳ್ಳಬೇಡ, 52ರಿಂದ ಗುಣಿಸಿ 12ರಿಂದ ಭಾಗಿಸು. ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟು ಬಾಂಡ್, ಅಂದರೆ ಠೇವಣಿ. ಅದು ಮನೆ ಮಾಲೀಕರ ಕೈಯಲ್ಲಿ ಉಳಿಯುವುದಿಲ್ಲ, ಸರ್ಕಾರದ ಬಾಂಡ್ ಪ್ರಾಧಿಕಾರದಲ್ಲಿರುತ್ತದೆ. ರಸೀದಿ ಬಂತೇ ನೋಡಿಕೋ, ಅಷ್ಟೇ.

ಚಳಿಯ ಬಗ್ಗೆ ಎರಡು ಮಾತು. ನೀವು ಬಂದಿಳಿಯುವುದೇ ಚಳಿಗಾಲದಲ್ಲಿ. 2010ರ ಜುಲೈನಲ್ಲಿ ನಾವು ಬಂದಾಗ, ಹೊರಗಿನ ಚಳಿಗಿಂತ ಮನೆಯೊಳಗಿನ ಚಳಿಯೇ ನಮ್ಮನ್ನು ಹಣ್ಣು ಮಾಡಿತು. ಸ್ವೆಟರ್ ಹಾಕಿಕೊಂಡೇ ಅಡುಗೆ, ಸಾಕ್ಸ್ ಹಾಕಿಕೊಂಡೇ ಪೂಜೆ. ಈಗ ಬಾಡಿಗೆ ಮನೆಯ ಹಾಲ್‌ನಲ್ಲಿ ಹೀಟರ್ ಕೂರಿಸಿಯೇ ಇರಬೇಕೆಂದು 2021ರಿಂದ ಕಾನೂನಿದೆ, ಆನ್ ಮಾಡಿ ತೋರಿಸಿ ಎಂದು ಕೇಳು. ನಾವು ಪೂರ್ವಕ್ಕೆ ಬಾಗಿಲು ಹುಡುಕುವವರು, ಸಿಕ್ಕರೆ ಸಂತೋಷ. ಆದರೆ ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ. ಕೂರುವ ಕೋಣೆಗೆ ಉತ್ತರಕ್ಕೆ ದೊಡ್ಡ ಕಿಟಕಿ ಇದ್ದರೆ ಚಳಿಗಾಲದ ಮಧ್ಯಾಹ್ನ ಬಿಸಿಲು ಒಳಗೇ ಬಂದು ಕೂರುತ್ತದೆ. ಅತ್ತೆಯವರಿಗೆ ಅದು ಬೇಕು.

ಈಗ ಪಶ್ಚಿಮದ ಮಾತು. ನಾನು ಈ ಕಡೆಯವಳು, ಹಾಗಾಗಿ ಅಭಿಮಾನ ಇದ್ದೇ ಇದೆ. ನಾವು ಬಂದಾಗ ಟಾರ್ನೀಟ್‌ಗೆ ರೈಲೇ ಇರಲಿಲ್ಲ. ವಿಲಿಯಮ್ಸ್ ಲ್ಯಾಂಡಿಂಗ್ ಸ್ಟೇಷನ್ 2013ರಲ್ಲಿ ಆಯಿತು, ಟಾರ್ನೀಟ್‌ನದು 2015ರಲ್ಲಿ. ಕಣ್ಣು ಹಾಯಿಸಿದಷ್ಟೂ ಬಯಲು, ಕಾಲಡಿಗೆ ಕರಿ ಮಣ್ಣು. ಬೇಸಿಗೆಯಲ್ಲಿ ಅದು ಬಾಯಿ ಬಿಡುವುದನ್ನು ಕಂಡು ನನಗೆ ನವಲಗುಂದದ ಎರೆ ಹೊಲಗಳೇ ನೆನಪಾದವು. ಆ ಬಯಲಿನಲ್ಲಿ ಇವತ್ತು ಊರೇ ಎದ್ದಿದೆ. ಈ ಬಡಾವಣೆಗಳೆಲ್ಲ ಸೇರಿದ ವಿಂಡಮ್ ಕೌನ್ಸಿಲ್ ವ್ಯಾಪ್ತಿಯಲ್ಲಿ ಹೊರದೇಶದಲ್ಲಿ ಹುಟ್ಟಿ ಬಂದವರ ಪೈಕಿ ಭಾರತದವರೇ ಎಲ್ಲರಿಗಿಂತ ಹೆಚ್ಚು. ರಾಜ್ಯೋತ್ಸವಕ್ಕೆ ಹೂವು ಬೇಕೆಂದರೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದರೆ, ಹತ್ತು ನಿಮಿಷದಲ್ಲಿ ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ. ಈ ನಂಟು ಗ್ಲೆನ್ ವೇವರ್ಲಿಯಲ್ಲಿ ಇಲ್ಲ ಎನ್ನುವುದಿಲ್ಲ, ನನಗೆ ಸಿಕ್ಕಿದ್ದು ಇಲ್ಲಿ.

ಕಷ್ಟಗಳನ್ನೂ ಕೇಳು. ಪಾಯಿಂಟ್ ಕುಕ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ತನ್ನದೇ ಸ್ಟೇಷನ್ ಇಲ್ಲ. ವಿಲಿಯಮ್ಸ್ ಲ್ಯಾಂಡಿಂಗ್‌ಗೆ ಬಸ್ಸಲ್ಲೋ ಕಾರಲ್ಲೋ ಹೋಗಿ ರೈಲು ಹಿಡಿಯಬೇಕು, ತಡವಾದರೆ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗದು. ಟಾರ್ನೀಟ್‌ನಲ್ಲಿ ನಿಲ್ಲುವುದು ಜೀಲಾಂಗ್ ಕಡೆಯ ವಿ-ಲೈನ್ ಗಾಡಿ, ಅಂದರೆ ಹೊರ ಊರುಗಳಿಗೆ ಓಡುವ ರೈಲು. ಸದರ್ನ್ ಕ್ರಾಸ್ ಸ್ಟೇಷನ್‌ಗೆ ನೇರ ಹೋಗುತ್ತದೆ, ಡಾಕ್‌ಲ್ಯಾಂಡ್ಸ್‌ನವರಿಗೆ ಅನುಕೂಲ, ಆದರೆ ಬೆಳಗಿನ ಹೊತ್ತು ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಕಾರಿನಲ್ಲಿ ಹೋಗುವವರಿಗೆ ವೆಸ್ಟ್ ಗೇಟ್ ಸೇತುವೆಯ ಗಾಡಿಗಳ ಸಾಲು ಇದೆ. ಇನ್ನೊಂದು ಸಂಗತಿ ಯಾರೂ ಮೊದಲೇ ಹೇಳುವುದಿಲ್ಲ: ಪಶ್ಚಿಮದಲ್ಲಿ ಮನೆ ಮಾಡಿದವರಿಗೆ ಬೆಳಿಗ್ಗೆ ಊರೊಳಗೆ ಹೋಗುವಾಗಲೂ ಸಂಜೆ ಮನೆಗೆ ಮರಳುವಾಗಲೂ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಯಜಮಾನರು ದಿನಾ ಡ್ರೈವ್ ಮಾಡುವವರಾದರೆ ಇದು ಸಣ್ಣ ಮಾತಲ್ಲ.

ಹೊಸ ಎಸ್ಟೇಟ್‌ಗಳ ದೊಡ್ಡ ದೊಡ್ಡ ಬೋರ್ಡ್‌ಗಳನ್ನು ನೋಡುತ್ತೀಯ. ಇಲ್ಲಿ ಟೌನ್ ಸೆಂಟರ್ ಬರಲಿದೆ, ಶಾಲೆ ಬರಲಿದೆ, ಸ್ಟೇಷನ್ ಬರಲಿದೆ ಎಂದು. ಬರುತ್ತವೆ, ಆದರೆ ಅಷ್ಟರಲ್ಲಿ ನಿನ್ನ ಮಗನಿಗೆ ಮೀಸೆ ಬಂದಿರಬಹುದು. ಬಾಡಿಗೆಗೆ ಬರುವವಳು ನೀನು, ಇವತ್ತು ನಿಂತಿರುವುದಕ್ಕೆ ಮಾತ್ರ ದುಡ್ಡು ಕೊಡು.

ನಾನು ನಿಜವಾಗಿ ಹೇಳಬೇಕೆಂದಿದ್ದು ಬೇರೆ. ಅತ್ತೆ-ಮಾವ ಬರುತ್ತಾರೆ ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲಿನ ಮೇಲೆಯೇ ನನ್ನ ಕಣ್ಣು ನಿಂತಿತು.

ನಮಗೆ ಮಗಳು ಹುಟ್ಟಿದಾಗ ಧಾರವಾಡದಿಂದ ಅವ್ವ ಬಾಣಂತನಕ್ಕೆ ಬಂದಳು. ಆಗ ನಾವಿದ್ದದ್ದು ಹೊಸ ಎಸ್ಟೇಟಿನ ತುದಿಯ ಮನೆ. ನಾಲ್ಕು ಕೋಣೆ, ಹಿತ್ತಲು, ಎದುರಿಗೆ ಹುಲ್ಲು. ಬಂದವರೆಲ್ಲ ಭೇಷ್ ಎನ್ನುವಂಥ ಮನೆ. ಅವ್ವನೂ ಮೊದಲ ವಾರ ಕೋಣೆ ಕೋಣೆ ತಿರುಗಿ ಹಿಗ್ಗಿದಳು. ಊರಲ್ಲಿ ಅವಳ ದಿನ ಹೇಗಿರುತ್ತಿತ್ತು ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಕಾಯಿಪಲ್ಲೆಯವಳ ಜೊತೆ ಚೌಕಾಸಿ, ಮಧ್ಯಾಹ್ನ ಕಟ್ಟೆಯ ಮೇಲೆ ಮೂರು ಮನೆಯ ಸುದ್ದಿ, ಸಂಜೆ ಅಕ್ಕನ ಬಳಗ. ಇಲ್ಲಿ ಮಗು ಮಲಗಿದ ಮೇಲೆ ಮಾಡಲು ಏನೂ ಇರಲಿಲ್ಲ. ಅಂಗಡಿಗೆ ನಡೆದು ಹೋಗಬೇಕೆಂದರೆ ದೊಡ್ಡ ರಸ್ತೆ ದಾಟಬೇಕು, ಅಲ್ಲಿ ಫುಟ್‌ಪಾತ್ ಕೂಡ ಪೂರ್ತಿ ಆಗಿರಲಿಲ್ಲ. ಬಸ್ಸು ಇತ್ತು ಎನ್ನಲಿಕ್ಕಷ್ಟೇ ಇತ್ತು. ಎದುರು ಮನೆಯ ಗ್ಯಾರೇಜ್ ಬಾಗಿಲು ತಾನೇ ಮೇಲೇಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. 'ಅವರ ಕಾರು ಗುರ್ತೈತಿ ನನಗ, ಮಾರಿ ಗುರ್ತಿಲ್ಲ' ಎನ್ನುತ್ತಿದ್ದಳು.

ಕಡೆಗೆ ಅವಳಿಗೆ ಸಿಕ್ಕ ಒಬ್ಬನೇ ಮನುಷ್ಯ ಪೋಸ್ಟ್‌ಮ್ಯಾನ್. ಅವನ ಸಣ್ಣ ಮೋಟಾರ್‌ಬೈಕಿನ ಸದ್ದು ಬೀದಿಯ ತುದಿಯಲ್ಲಿ ಕೇಳಿದೊಡನೆ ಸೆರಗು ಸರಿಮಾಡಿಕೊಂಡು, ಕೈ ಒರೆಸಿಕೊಂಡು ಪತ್ರದ ಡಬ್ಬಿಯ ಹತ್ತಿರ ಹೋಗಿ ನಿಲ್ಲುವಳು. ಅವನು ಕೈಗೇ ಕಾಗದ ಕೊಟ್ಟು ಏನೋ ಅನ್ನುವನು. ಇವಳು 'ಊಟ ಆತೇನಪ್ಪಾ?' ಅನ್ನುವಳು. ಇಬ್ಬರೂ ನಗುವರು. ಅವನು ಬಾರದ ಶನಿವಾರ-ಭಾನುವಾರ ಅವಳ ಮುಖ ನೋಡಲಾಗುತ್ತಿರಲಿಲ್ಲ.

ನಾನಾಗ ಹಸಿ ಬಾಣಂತಿ, ನನಗೆ ಇಲ್ಲಿನ ಲೈಸೆನ್ಸ್ ಇನ್ನೂ ಆಗಿರಲಿಲ್ಲ. ಇವರು ಬೆಳಕು ಹರಿಯುವ ಮುಂಚೆ ಹೋದರೆ ಕತ್ತಲಾದ ಮೇಲೆ ಬರುವವರು. ವೀಸಾ ಇನ್ನೂ ಇರುವಾಗಲೇ ಅವ್ವ ತಿರುಗಿ ಹೋದಳು. ಜಗಳವಿಲ್ಲ, ದೂರಿಲ್ಲ. ಆಮೇಲೆ ಎಷ್ಟು ಸಲ ಕರೆದರೂ ಮೊಣಕಾಲು ನೋವು, ದೀಪಾವಳಿ, ತಮ್ಮನ ಮನೆಯ ಕೆಲಸ ಎಂದು ಮುಂದೆ ಹಾಕಿದಳು. ಈಗ ಅವಳಿಲ್ಲ. ಮಗಳಿಗೆ ಅಜ್ಜಿಯ ನೆನಪಿಲ್ಲ. ಇದೊಂದು ಸಂಕಟ ನನ್ನನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಆದ್ದರಿಂದ ಮಕ್ಕಳಿಗೆ ಒಳ್ಳೆಯ ಏರಿಯಾ ಯಾವುದು ಎಂದು ಕೇಳುವವರಿಗೆಲ್ಲ ನಾನು ಮನೆಯಲ್ಲಿ ಕಾರು ಓಡಿಸದವರು ಎಷ್ಟು ಮಂದಿ ಎಂದು ಕೇಳುತ್ತೇನೆ. ಮಕ್ಕಳು, ಮುದುಕರು, ಮೊದಮೊದಲಿಗೆ ನೀನೂ. ಊರಿನ ಲೈಸೆನ್ಸ್ ಆರು ತಿಂಗಳಷ್ಟೇ ನಡೆಯುತ್ತದೆ, ಆಮೇಲೆ ಇಲ್ಲಿನ ಪರೀಕ್ಷೆ ಕೊಡಬೇಕು. ಬಂದ ತಿಂಗಳೇ ಅದಕ್ಕೆ ಓದಲು ಶುರುಮಾಡು, ಮಕ್ಕಳು ಸೆಟ್ಲ್ ಆಗಲಿ ಎಂದು ಮುಂದೂಡಬೇಡ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ನಾಲ್ಕು ಅಂಗಡಿ, ಒಂದು ಪಾರ್ಕ್, ಸಾಧ್ಯವಾದರೆ ಲೈಬ್ರರಿ ಇರಲಿ. ಇಲ್ಲಿನ ಲೈಬ್ರರಿಗಳು ಬರೀ ಪುಸ್ತಕದ ಜಾಗಗಳಲ್ಲ. ಬೆಚ್ಚಗಿರುತ್ತವೆ, ಸಣ್ಣ ಮಕ್ಕಳಿಗೆ ಕಥೆ ಹೇಳುತ್ತಾರೆ, ವಯಸ್ಸಾದವರು ಪೇಪರ್ ಹಿಡಿದು ಎಷ್ಟು ಹೊತ್ತು ಕೂತರೂ ಯಾರೂ ಏಳಿ ಎನ್ನುವುದಿಲ್ಲ. ಪಾರ್ಕ್‌ಗಳಲ್ಲಿ ಸಂಜೆ ಹೊತ್ತು ಪಂಜಾಬಿ, ಗುಜರಾತಿ, ತೆಲುಗು ಹಿರಿಯರು ಗುಂಪುಗೂಡುತ್ತಾರೆ. ಭಾಷೆ ಬಾರದಿದ್ದರೂ ನಿಮ್ಮ ಮಾವನವರು ಎರಡೇ ದಿನದಲ್ಲಿ ಜೊತೆ ಮಾಡಿಕೊಳ್ಳುತ್ತಾರೆ. ಡಾಕ್ಟರ ಕ್ಲಿನಿಕ್ಕೂ ಹತ್ತಿರವಿರಲಿ. ವಿಸಿಟರ್ ವೀಸಾದಲ್ಲಿ ಬಂದ ಹಿರಿಯರಿಗೆ ಮೆಡಿಕೇರ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೌಲಭ್ಯ, ಇಲ್ಲ, ವಿಮೆ ಮಾಡಿಸಿಯೇ ಕರೆಸು.

ದೇವಸ್ಥಾನ ಕೇಳಿದ್ದೀಯ. ದೊಡ್ಡದು ಕ್ಯಾರಮ್ ಡೌನ್ಸ್‌ನ ಶಿವ-ವಿಷ್ಣು ದೇವಸ್ಥಾನ, ನಮ್ಮ ಕಡೆಯಿಂದ ಇಡೀ ಊರು ದಾಟಬೇಕು. ಹತ್ತಿರದ್ದು ರಾಕ್‌ಬ್ಯಾಂಕ್‌ನ ದುರ್ಗಾ ದೇವಸ್ಥಾನ. ಎರಡಕ್ಕೂ ಕಾರು ಬೇಕು, ವಾರಕ್ಕೊಮ್ಮೆಯ ಮಾತು, ಅದನ್ನು ನೋಡಿ ಮನೆ ಆರಿಸಬೇಡ.

ಹಾಗಾದರೆ ಎಲ್ಲಿ? ನನ್ನನ್ನು ಕೇಳಿದರೆ ಪಾಯಿಂಟ್ ಕುಕ್‌ನ ಒಳಮೂಲೆಯೂ ಬೇಡ, ಗ್ಲೆನ್ ವೇವರ್ಲಿಯ ಭಾರವೂ ಬೇಡ. ವೆರಿಬೀ ಸ್ಟೇಷನ್ ಹತ್ತಿರದ ಹಳೆಯ ಭಾಗ ನೋಡು. ಮನೆಗಳು ಹಳೆಯವು, ಫೋಟೋದಲ್ಲಿ ಮನಸ್ಸಿಗೆ ಬರುವುದಿಲ್ಲ. ಆದರೆ ವಾಟನ್ ಸ್ಟ್ರೀಟ್‌ನಲ್ಲಿ ನಿಜವಾದ ಪೇಟೆ ಇದೆ. ಬ್ಯಾಂಕು, ಔಷಧಿ ಅಂಗಡಿ, ನಮ್ಮ ದಿನಸಿ ಅಂಗಡಿಗಳು, ಪಕ್ಕದಲ್ಲೇ ನದಿಯ ದಂಡೆ, ನಡೆಯಲು ನೆರಳು. ಅಲ್ಲಿ ಸಿಗದಿದ್ದರೆ ಹಾಪರ್ಸ್ ಕ್ರಾಸಿಂಗ್ ಅಥವಾ ವಿಲಿಯಮ್ಸ್ ಲ್ಯಾಂಡಿಂಗ್ ಸ್ಟೇಷನ್‌ನ ಸುತ್ತ. ಟಾರ್ನೀಟ್ ಆದರೆ ಸ್ಟೇಷನ್ ಬದಿಗೇ ಇರಲಿ.

ಊರಿನಿಂದಲೇ ಫೋಟೋ ನೋಡಿ ಮುಂಗಡ ಕಳಿಸಬೇಡ. ಮೊದಲ ಒಂದು ತಿಂಗಳಿಗೆ ಎಲ್ಲಾದರೂ ಸಣ್ಣದೊಂದು ತಾತ್ಕಾಲಿಕ ಜಾಗ ಹಿಡಿಯಿರಿ. ಯಜಮಾನರ ಆಫರ್ ಲೆಟರ್, ಊರಿನ ಮನೆ ಮಾಲೀಕರಿಂದ ಬಾಡಿಗೆ ಸರಿಯಾಗಿ ಕಟ್ಟಿದ್ದೀರೆಂದು ಒಂದು ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಸಿದ್ಧವಿಟ್ಟುಕೋ. ಮನೆ ತೋರಿಸುವುದು ಹೆಚ್ಚಾಗಿ ಶನಿವಾರ, ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಬಂದ ವಾರವೇ ಫೋನ್ ಮಾಡು, ಆ ಶನಿವಾರ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ವೆರಿಬೀ ಸ್ಟೇಷನ್‌ನಲ್ಲಿ ಸಿಗುತ್ತೇನೆ. ಅಲ್ಲಿಂದ ಮನೆಗಳಿಗೆ ಮಕ್ಕಳನ್ನು ಕರೆದುಕೊಂಡು ನಡೆದೇ ಹೋಗೋಣ, ಅತ್ತೆಯವರ ಕಾಲಿಗೆ ಆದೀತೋ ಇಲ್ಲವೋ ಆಗಲೇ ಗೊತ್ತಾಗುತ್ತದೆ.