ಲೆಕ್ಕಪತ್ರ ವಿಭಾಗದವರಿಗೂ ಈ ತರಬೇತಿ ಏಕೆ ಬೇಕು

ರಕ್ಷಣಾ ಇಲಾಖೆಯ ಲೆಕ್ಕಪತ್ರ ವಿಭಾಗದಲ್ಲಿರುವ ನಾಗರಿಕ ಸಿಬ್ಬಂದಿಯಾದ ತಾವು, ರಹಸ್ಯ ಕಡತಗಳನ್ನು ಮುಟ್ಟುವುದೇ ಇಲ್ಲದಿರುವಾಗ ಮಾಹಿತಿ ಭದ್ರತಾ ತರಬೇತಿ ಏಕೆ ಎಂದು ಕೇಳಿದ್ದೀರಿ. ಪ್ರಶ್ನೆ ಸಹಜವೇ. ಆದರೆ ರಹಸ್ಯವೆಂಬ ಮೊಹರಿಲ್ಲದ ಕಾಗದಗಳೂ ಬಹಳಷ್ಟನ್ನು ಹೇಳಿಬಿಡುತ್ತವೆ. ಪ್ರಯಾಣ ಭತ್ಯೆಯ ಬಿಲ್ಲೊಂದನ್ನೇ ನೋಡಿ: ಯಾರು, ಯಾವ ದಿನ, ಎಲ್ಲಿಗೆ, ಎಷ್ಟು ದಿನದ ಮಟ್ಟಿಗೆ ಹೋದರು ಎಂಬುದೆಲ್ಲ ಅದರಲ್ಲಿರುತ್ತದೆ, ಅಂಥ ನಲವತ್ತು ಬಿಲ್ಲುಗಳನ್ನು ಒಟ್ಟಿಗಿಟ್ಟರೆ ಒಂದು ಘಟಕದ ಚಲನವಲನವೇ ಕಣ್ಣಿಗೆ ಕಟ್ಟುತ್ತದೆ.

2008ರಲ್ಲಿ ಅಮೆರಿಕದ ಸೇನೆಯ ಕಂಪ್ಯೂಟರ್ ಜಾಲದೊಳಗೆ ಕುತಂತ್ರಾಂಶ, ಅಂದರೆ ಹಾನಿ ಮಾಡಲೆಂದೇ ಬರೆದ ತಂತ್ರಾಂಶ, ನುಸುಳಿದ್ದು, ಮಧ್ಯಪ್ರಾಚ್ಯದ ನೆಲೆಯೊಂದರಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಒಂದು ಪೆನ್‌ಡ್ರೈವ್‌ನಿಂದ. ಅಲ್ಲಿಂದ ಅದು ರಹಸ್ಯ ಜಾಲಕ್ಕೂ ಹರಡಿತು. ಸಿಕ್ಕಿಸಿದವರ ಹುದ್ದೆ ಯಾವುದೆಂದು ಕುತಂತ್ರಾಂಶ ಕೇಳುವುದಿಲ್ಲ.

ಆದರೂ ತಮ್ಮ ಬೇಸರದಲ್ಲಿ ಅರ್ಥವಿದೆ. ಸೈನಿಕರಿಗೆಂದು ಸಿದ್ಧಪಡಿಸಿದ ಸ್ಲೈಡುಗಳನ್ನೇ ಎಲ್ಲರಿಗೂ ತೋರಿಸಿ ಹಾಜರಾತಿ ಹಾಕಿಸಿಕೊಳ್ಳುವುದು ತರಬೇತಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ತಮ್ಮ ಮೇಜಿನ ಕೆಲಸವನ್ನೇ ಇಟ್ಟುಕೊಂಡು ಅಭ್ಯಾಸ ಮಾಡಿಸುವಂತೆ ಕೇಳಿ. ಉದಾಹರಣೆಗೆ, ಸಂಜೆ ಐದಕ್ಕೆ ಹಿರಿಯ ಅಧಿಕಾರಿಯ ಹೆಸರಿನಲ್ಲಿ, ಸಿಬ್ಬಂದಿಯ ವೇತನ ಪಟ್ಟಿಯನ್ನು ತಕ್ಷಣ ಕಳುಹಿಸಿ ಎಂಬ ಇಮೇಲ್ ಬಂದರೆ, ಅದರಲ್ಲಿರುವ ಸಂಖ್ಯೆಗೆ ಕರೆ ಮಾಡದೆ, ಕಚೇರಿಯ ದೂರವಾಣಿ ಪಟ್ಟಿಯಲ್ಲಿರುವ ಸಂಖ್ಯೆಗೇ ಕರೆ ಮಾಡಿ ಖಚಿತಪಡಿಸಿಕೊಳ್ಳುವುದನ್ನು ಕೈಯಾರೆ ಮಾಡಿಸಬೇಕು.

ಇದಕ್ಕಿಂತಲೂ ಮುಖ್ಯವಾಗಿ, ತಪ್ಪು ಕೊಂಡಿಯನ್ನು ಒತ್ತಿಬಿಟ್ಟರೆ ಆ ಕ್ಷಣದಲ್ಲಿ ಯಾರಿಗೆ ತಿಳಿಸಬೇಕು, ತಾವಾಗಿ ತಿಳಿಸಿದವರನ್ನು ಕಚೇರಿ ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಮೊದಲ ದಿನವೇ ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಿ. ಶಿಕ್ಷೆಗೆ ಹೆದರಿ ಮುಚ್ಚಿಟ್ಟ ಒಂದೆರಡು ಗಂಟೆಗಳಲ್ಲೇ ಹಾನಿ ಇಡೀ ಜಾಲಕ್ಕೆ ಹಬ್ಬಬಹುದು.