ಲಾಗ್‌ಬುಕ್ ತುಂಬಿದೆ, ಕೆಲಸ ಕೈಗೆ ಹತ್ತಿದೆಯಾ?

ಪ್ರಶ್ನೆ: ಒಂದು ಮೆಡಿಕಲ್ ಕಾಲೇಜಿನ ಜನರಲ್ ಮೆಡಿಸಿನ್ ವಿಭಾಗಕ್ಕೆ ಹೊಸದಾಗಿ ಸೇರಿದ್ದೇನೆ. ಪಿಜಿಗಳ (ಎಂಡಿ ಓದುತ್ತಿರುವ ಡಾಕ್ಟರುಗಳ) ಕಲಿಕೆಯ ಗುರಿ ಅಳೆಯಲು ಒಂದು ಫಾರ್ಮ್ ಮಾಡಿ ಎಂದಿದ್ದಾರೆ ನಮ್ಮ ವಿಭಾಗದ ಮುಖ್ಯಸ್ಥರು. ಹಳೇ ಫಾರ್ಮ್‌ನಲ್ಲಿ ಎಲ್ಲರಿಗೂ ಐದಕ್ಕೆ ನಾಲ್ಕು. ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್‌ಗೆ ತಿಂಗಳ ಕೊನೆಗೆ ಒಟ್ಟಿಗೆ ಸಹಿ. ಎಲ್ಲಿಂದ ಶುರು ಮಾಡಲಿ ಸರ್?
– ಓದುಗರು, ಸಾಗರ

ಉತ್ತರ: ಫಾರ್ಮ್ ಆಮೇಲೆ ಮಾಡಿ ಡಾಕ್ಟ್ರೇ, ಮೊದಲು ಗುರಿ ಹೇಗೆ ಬರೆದಿದ್ದಾರೆ ನೋಡಿ. ‘ಹಾವು ಕಡಿತದ ಚಿಕಿತ್ಸೆ ತಿಳಿದಿರಬೇಕು’ ಅಂತ ಇದ್ದರೆ ಯಾರೂ ಅದನ್ನು ಅಳೆಯಲಾರರು. ಅದಕ್ಕೇ ಎಲ್ಲರಿಗೂ ನಾಲ್ಕು ಬೀಳೋದು. ಕಣ್ಣಿಗೆ ಕಾಣುವ ಕೆಲಸವಾಗಿ ಬರೆಯಿರಿ.

ಹಾವಿನ ವಿಷದಿಂದ ರಕ್ತ ಹೆಪ್ಪುಗಟ್ಟದಂತಾಗಿದೆಯಾ ಎಂದು ನೋಡುವ 20 ನಿಮಿಷದ ಪರೀಕ್ಷೆಯನ್ನೇ ತಗೊಳ್ಳಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ಎಲ್ಲರೂ ಪಟಪಟ ಹೇಳುತ್ತಾರೆ. ಅಡಿಕೆ ತೋಟದಲ್ಲಿ ಕಚ್ಚಿಸಿಕೊಂಡವರು ರಾತ್ರಿ ಬಂದಾಗ ಪಕ್ಕದಲ್ಲಿ ನಿಂತು ನೋಡಿ. ಒಣಗಿದ, ಸೋಪಿನ ಅಂಶ ಇಲ್ಲದ ಗಾಜಿನ ಟ್ಯೂಬನ್ನೇ ತಗೊಂಡರಾ, ಇಲ್ಲ ಕೈಗೆ ಸಿಕ್ಕ ಪ್ಲಾಸ್ಟಿಕ್ಕಾ? ಅಲ್ಲಾಡಿಸದೆ ಇಟ್ಟರಾ, ಹತ್ತೇ ನಿಮಿಷಕ್ಕೆ ಎತ್ತಿ ಬಗ್ಗಿಸಿದರಾ? ಟ್ಯೂಬ್ ಸರಿ ಇಲ್ಲದಿದ್ದರೆ ಚೆನ್ನಾಗಿರುವ ರಕ್ತವೂ ನೀರಾಗಿಯೇ ಉಳಿದು, ಬೇಡದ ಆ್ಯಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ಹೋಗಿಬಿಡಬಹುದು. ಇನ್ನೊಂದು ವಿಷಯ. ಈಗ ಸಿಗುವ ಆ್ಯಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ನಮ್ಮ ಕಾಡಿನ ಹಂಪ್ ನೋಸ್ಡ್ ಪಿಟ್ ವೈಪರ್ ಎಂಬ ವಿಷದ ಹಾವಿಗೆ ಅದು ನಾಟುವುದಿಲ್ಲ. ವಯಲ್ ಮೇಲೆ ವಯಲ್ ಹಾಕುವ ಮುಂಚೆ ಪಿಜಿ ಇದನ್ನು ಯೋಚಿಸಿದರಾ ಅನ್ನೋದೂ ನಿಮ್ಮ ಗುರಿಯಲ್ಲಿ ಇರಲಿ.

ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲೇ ನಾಲ್ಕು ಮೆಟ್ಟಿಲು ಹೇಳಿದ್ದರು: ಗೊತ್ತಿದೆ, ಹೇಗೆ ಮಾಡಬೇಕೆಂದು ಗೊತ್ತಿದೆ, ಮಾಡಿ ತೋರಿಸಬಲ್ಲರು, ದಿನದ ಕೆಲಸದಲ್ಲಿ ಮಾಡುತ್ತಾರೆ. ಥಿಯರಿ ಪೇಪರ್ ಮೊದಲೆರಡನ್ನು ಮುಟ್ಟುತ್ತದೆ, ಓಸ್ಕಿ (ಒಂದೊಂದು ಕೆಲಸ ಮಾಡಿ ತೋರಿಸುವ ಪರೀಕ್ಷೆ) ಮೂರನೆಯದನ್ನು. ಕೊನೆಯದು ವಾರ್ಡ್‌ನಲ್ಲಿ ಮಾತ್ರ ಸಿಗುತ್ತದೆ.

ಅದಕ್ಕೆ ಮಿನಿ-ಸಿಇಎಕ್ಸ್ ಒಳ್ಳೆಯದು, ಅಂದರೆ ಪಿಜಿ ರೋಗಿಯನ್ನು ನೋಡುವಾಗ ಪಕ್ಕದಲ್ಲಿ ನಿಂತು ಗಮನಿಸುವುದು. ಕಾಲು ಗಂಟೆ ನೋಡಿ, ಐದು ನಿಮಿಷ ಮಾತಾಡಿ, ಅಷ್ಟೇ. ಬೇಸಿಗೆಯಲ್ಲಿ ಜ್ವರ ಅಂತ ಬಂದವರನ್ನು ಕಾಡಿಗೆ ದರಗು (ಒಣಗಿದ ಎಲೆ) ತರೋಕೆ ಹೋಗಿದ್ರಾ, ಉಣುಗು (ಉಣ್ಣೆ) ಕಚ್ಚಿತ್ತಾ, ಮಂಗ ಸತ್ತಿದ್ದು ಕಂಡಿತ್ತಾ ಎಂದು ಪಿಜಿ ಕೇಳುತ್ತಾರಾ ಗಮನಿಸಿ. ಇವು ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಸುಳಿವುಗಳು. ಅದನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆಲ್ ಇಂಡಿಯಾ ಕೋಟಾದಲ್ಲಿ ಹೊರರಾಜ್ಯದಿಂದ ಬಂದವರಿಗೆ ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಲು ಬರಬೇಕು ಅನ್ನೋದನ್ನೇ ಒಂದು ಗುರಿ ಮಾಡಿ, ಯಾರೂ ಬೇಡ ಅನ್ನಲ್ಲ.

ಇನ್ನು ಐದಕ್ಕೆ ಎಷ್ಟು ಅನ್ನೋ ಕಾಲಂ ತೆಗೆದುಬಿಡಿ. ‘ಈ ಕೆಲಸಕ್ಕೆ ಇವರನ್ನು ಎಷ್ಟು ನಂಬಬಹುದು’ ಎಂದು ಕೇಳಿ. ಸದ್ಯಕ್ಕೆ ನೋಡಲಿ, ನಾನು ಪಕ್ಕದಲ್ಲಿದ್ದರೆ ಮಾಡಲಿ, ಕರೆದಾಗ ನಾನು ಬಂದರೆ ಸಾಕು, ಒಬ್ಬರೇ ಮಾಡಲಿ, ಜೂನಿಯರ್‌ಗಳಿಗೆ ಹೇಳಿಕೊಡಲಿ. ವೈದ್ಯಕೀಯ ಶಿಕ್ಷಣ ತಜ್ಞ ಓಲೆ ಟೆನ್ ಕೇಟ್ 2005ರಲ್ಲಿ ಮುಂದಿಟ್ಟ ಇಪಿಎ (ನಂಬಿ ಒಪ್ಪಿಸಬಹುದಾದ ಕೆಲಸ) ಎಂಬ ಯೋಚನೆಯಿಂದ ಬೆಳೆದ ಅಳತೆ ಇದು. ರಾತ್ರಿ ಡ್ಯೂಟಿಗೆ ಬಿಟ್ಟು ಮನೆಗೆ ಹೋಗುವ ಕನ್ಸಲ್ಟೆಂಟ್ ಸುಮ್ನೆ ನಾಲ್ಕು ಹಾಕಬಹುದು, ‘ಒಬ್ಬರೇ ಮಾಡಲಿ’ ಎಂದು ಸಹಿ ಹಾಕುವ ಮುಂಚೆ ಎರಡು ಸಲ ಯೋಚಿಸುತ್ತಾರೆ, ಅಲ್ವಾ?

ಸಹಿ ಮಾತ್ರ ನೋಡಿದ ದಿನವೇ ಆಗಲಿ. ಒಬ್ಬರೇ ನೋಡಿದ್ದು ಸಾಲದು, ಬೇರೆ ಬೇರೆ ದಿನ ಬೇರೆ ಬೇರೆಯವರು ನೋಡಲಿ. ಎಲ್ಲಾ ಗುರಿಗೂ ಇದನ್ನು ಮಾಡಲು ಹೋಗಬೇಡಿ, ಜಾಸ್ತಿ ಆದರೆ ಮತ್ತೆ ತಿಂಗಳ ಕೊನೆಯ ಸಹಿಯೇ. ತಪ್ಪಿದರೆ ಜೀವ ಹೋಗುವಂಥ ಹತ್ತು ಕೆಲಸ ಆರಿಸಿಕೊಳ್ಳಿ.

ಪ್ರಶ್ನೆ: ಮಗ ಎಂಡಿ ಓದುತ್ತಿದ್ದಾನೆ. ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಹಾಕಿದ್ದಾರೆ. ಇದು ಓದಿನ ಲೆಕ್ಕಕ್ಕೆ ಬರುತ್ತಾ?
– ತಾಯಿ, ತೀರ್ಥಹಳ್ಳಿ

ಉತ್ತರ: ಬರುತ್ತದೆ ಅಮ್ಮಾ. ಅದು ಡಿಆರ್‌ಪಿ (ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮ), ಓದಿನದೇ ಭಾಗ. ಸರಿಯಾಗಿ ಮುಗಿಸದಿದ್ದರೆ ಫೈನಲ್ ಪರೀಕ್ಷೆಗೇ ಕೂರಿಸುವುದಿಲ್ಲ. ಅಲ್ಲಿ ಮಾಡಿದ ಕೆಲಸವನ್ನು ಅಂದಂದೇ ಲಾಗ್‌ಬುಕ್‌ಗೆ ಹಾಕಿ, ಅಲ್ಲಿನ ಡಾಕ್ಟರ ಸಹಿ ತಗೊಂಡೇ ಬರಲು ಹೇಳಿ.